ಆಲ್ಫೋರ್‌ನ ಸವಾರ, ನಮ್ಮೂರ ರಿಜಿಸ್ಟರು

ಪ್ಯಾರಿಸ್‌ನ ಎಂಟನೇ ಮೆಟ್ರೊ ಮಾರ್ಗದಲ್ಲಿ ಒಂದು ನಿಲ್ದಾಣಕ್ಕೆ ಪಶುವೈದ್ಯ ಶಾಲೆಯ ಹೆಸರನ್ನೇ ಇಟ್ಟಿದ್ದಾರೆ. ಮೂವತ್ತು ವರ್ಷ ಹಳ್ಳಿಗಳಲ್ಲಿ ‘ದನದ ಡಾಕ್ಟ್ರು’ ಎನಿಸಿಕೊಂಡವನಿಗೆ ಆ ಫಲಕ ಓದಿಯೇ ಎದೆ ತುಂಬಿತು.

ಆ ಶಾಲೆ ಆಲ್ಫೋರ್‌ಗೆ ಬಂದದ್ದು 1766ರಲ್ಲಿ. ಅದನ್ನು ಕಟ್ಟಿದ ಕ್ಲೋಡ್ ಬೂರ್ಜೆಲಾ ಅದಕ್ಕೂ ಮೊದಲೇ ಲಿಯೋನ್‌ನಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ತೆರೆದಿದ್ದರು. ಅದಕ್ಕೆ ರಾಜನ ಅಪ್ಪಣೆ ಸಿಕ್ಕಿದ್ದು 1761ರಲ್ಲಿ. ಯುರೋಪಿನ ದನಗಳನ್ನು ಸಾಲುಸಾಲಾಗಿ ಕೆಡವುತ್ತಿದ್ದ ಪಿಡುಗನ್ನು ತಡೆಯಬೇಕೆಂಬುದು ಅದರ ಹಿಂದಿನ ದೊಡ್ಡ ಒತ್ತಾಯ. ನಮ್ಮ ರೈತರು ‘ದೊಡ್ಡರೋಗ’ ಎಂದು ಕರೆದದ್ದೂ ಅದನ್ನೇ.

ಆಲ್ಫೋರ್ ಶಾಲೆಯೊಳಗೆ ಫ್ರಾಗೊನಾರ್ ವಸ್ತುಸಂಗ್ರಹಾಲಯವಿದೆ. ಎರಡು ತಲೆಯ ಕರುಗಳು, ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆದ ಕಲ್ಲುಗಳು, ಅಸ್ಥಿಪಂಜರಗಳು. ಕೊನೆಯ ಕೋಣೆಯಲ್ಲಿ ಚರ್ಮ ಸುಲಿದ ಕುದುರೆಯ ಮೇಲೆ ಚರ್ಮ ಸುಲಿದ ಸವಾರ. ಎರಡೂ ನಿಜವಾದ ದೇಹಗಳು. ಒಂದೊಂದು ಸ್ನಾಯು, ಒಂದೊಂದು ರಕ್ತನಾಳ ಎಣಿಸಬಹುದು. ಅಲ್ಲಿನ ಮೊದಲ ಅಂಗರಚನಾ ಪ್ರಾಧ್ಯಾಪಕ ಒನೊರೆ ಫ್ರಾಗೊನಾರ್ ಮಾಡಿದ್ದು. 1771ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅವರು ಸಿದ್ಧಪಡಿಸಿದ್ದರಲ್ಲಿ ಇಂದು ಅಲ್ಲಿ ಉಳಿದಿರುವುದು ಸುಮಾರು ಇಪ್ಪತ್ತು ಮಾತ್ರ. ನನ್ನನ್ನು ಕಾಡಿದ್ದು ಬೇರೆಯೇ. ಇದನ್ನು ಹೇಗೆ ಮಾಡಿದೆನೆಂದು ಅವರು ಬರೆದಿಡಲಿಲ್ಲ. ನಾಳಗಳಿಗೆ ತುಂಬಿದ್ದು ಕುರಿಯ ಕೊಬ್ಬು, ಪೈನ್ ಮರದ ರಾಳ ಎಂದು ತಿಳಿಯಲು ವಿಜ್ಞಾನಿಗಳು ಇನ್ನೂರು ವರ್ಷಗಳ ಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾಯಿತು.

ನಮ್ಮಲ್ಲೂ ಕೆಲಸದ ದಾಖಲೆ ಹೀಗೇ ಕಳೆದುಹೋಗುತ್ತಿದೆ. 1954ರಲ್ಲಿ ದೇಶದಾದ್ಯಂತ ದೊಡ್ಡರೋಗ ನಿರ್ಮೂಲನೆಯ ಕಾರ್ಯಕ್ರಮ ಶುರುವಾಯಿತು. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ಇಟ್ಟುಕೊಂಡು, ಹಳ್ಳ ದಾಟಿ, ಕೊಟ್ಟಿಗೆ ಕೊಟ್ಟಿಗೆಗೆ ಹೋದವರು ನಮ್ಮ ಕಾಂಪೌಂಡರುಗಳು, ಲಸಿಕೆ ಹಾಕುವವರು. 2011ರಲ್ಲಿ ಆ ರೋಗ ಭೂಮಿಯ ಮೇಲಿಲ್ಲವೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಬೇರುಸಹಿತ ಕಿತ್ತ ಎರಡನೆಯ ರೋಗ ಅದು. ಆ ಗೆಲುವಿನ ಲೆಕ್ಕವಿದ್ದ ರಿಜಿಸ್ಟರುಗಳು ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಗೆದ್ದಲು ಹಿಡಿದಿದ್ದವು. ಹಳೆಯ ಕಟ್ಟಡ ಕೆಡವಿದಾಗ ಗುಜರಿಗೆ ಹೋದವು. ಅವುಗಳ ಜೊತೆ ಹಿತ್ತಾಳೆಯ ಸಿರಿಂಜುಗಳೂ ಹೋದವು. ಆಗ ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು.

ಊರೂರು ಅಲೆದು ಲಸಿಕೆ ಹಾಕಿದ ಹಿರಿಯರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಈ ವಾರವೇ ಅವರ ಪಕ್ಕ ಕುಳಿತು ಮಾತು ರೆಕಾರ್ಡ್ ಮಾಡಿಕೊಳ್ಳಿ. ಅಟ್ಟದ ಮೇಲೆ ಹಳೆಯ ಉಪಕರಣ, ಪುಸ್ತಕ ಇದ್ದರೆ ಮಾರಬೇಡಿ. ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ ಎಲ್ಲೆಡೆ ಪಶುವೈದ್ಯಕೀಯ ಕಾಲೇಜುಗಳಿವೆ. ಹತ್ತಿರದ್ದಕ್ಕೆ ಒಯ್ದು ಕೊಡಿ, ಕೊಟ್ಟದ್ದಕ್ಕೆ ರಸೀದಿ ಕೇಳಿ ಪಡೆಯಿರಿ.