ಬೈಂಡಿಂಗ್ ಸಂದಿನಲ್ಲಿ ಸಿಕ್ಕಿಕೊಂಡ ಮೇಷ್ಟ್ರ ಕೈ

ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಹಳ್ಳಿಯಲ್ಲಿ 'ಕುರುಕ್ಷೇತ್ರ' ನಾಟಕ ಇದೆ ಅಂತ ಮೊದಲು ಹೇಳುವುದೇ ಬಸ್ ಸ್ಟ್ಯಾಂಡಿನ ಫ್ಲೆಕ್ಸು. ಕಿರೀಟ ಇಟ್ಟ ದುರ್ಯೋಧನ, ಕೃಷ್ಣ, ಭೀಮ ಆಳೆತ್ತರ. ದುಡ್ಡು ಹಾಕಿ ಪಾತ್ರ ಹಿಡಿದವರ ಮುಖ ಕಾಣಬೇಕಲ್ಲ! ತಿಂಗಳುಗಟ್ಟಲೆ ರಾತ್ರಿ ಕೂತು ಅವರಿಗೆಲ್ಲ ಹಾಡು, ಕಂದ ಹೇಳಿಕೊಟ್ಟ ಹಾರ್ಮೋನಿಯಂ ಮೇಷ್ಟ್ರು ಮಾತ್ರ ಕೆಳಗಿನ ಮೂಲೆಯಲ್ಲಿ, ಸ್ಟಾಂಪ್ ಸೈಜಿನಲ್ಲಿ.

ಇದಕ್ಕೆ ಫ್ಲೆಕ್ಸ್ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಸೀಮೆ ಇದು. ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದವರು. ಕಣ್ಣಿಗೆ ಹಬ್ಬ ಮಾಡುವ ಚಾಳಿ ನಮ್ಮ ನೀರಿನಲ್ಲೇ ಇದೆ.

ಕಳೆದ ವರ್ಷ ಪರಿಚಯದ ಸಂಘವೊಂದು ಸ್ಮರಣ ಸಂಚಿಕೆ ತರುವಾಗ, "ನೀನು ಕಂಪ್ಯೂಟರ್ ಓದಿದೀಯಲ್ಲ, ಪೇಜ್ ಮಾಡಿಕೊಡಪ್ಪ" ಅಂದರು. ಸಾಫ್ಟ್‌ವೇರ್‌ನವನಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲಾ ಬರುತ್ತೆ ಅನ್ನುವ ನಂಬಿಕೆ. ನಾನು ಆಸೆಪಟ್ಟು ತೆಗೆದುಕೊಂಡದ್ದು ಕುಣಿಗಲ್ ಕಡೆಯ ಹಿರಿಯ ಮೇಷ್ಟ್ರೊಬ್ಬರ ಲೇಖನ. ಎದುರುಬದುರು ಎರಡು ಪುಟ.

ಮಾದರಿಗೆ ಅಮೆರಿಕದ 'ರೋಲಿಂಗ್ ಸ್ಟೋನ್' ಸಂಗೀತ ಪತ್ರಿಕೆ ಇತ್ತು. 1987ರಿಂದ ಅದರ ಕಲಾ ನಿರ್ದೇಶಕರಾಗಿದ್ದ ಫ್ರೆಡ್ ವುಡ್‌ವರ್ಡ್ ಒಂದು ಪುಟ ತುಂಬ ಗಾಯಕರ ಫೋಟೋ, ಎದುರಿನ ಪುಟ ತುಂಬ ಅಕ್ಷರ ಹಾಕಿ, ಅಕ್ಷರವನ್ನೇ ಚಿತ್ರ ಮಾಡಿಬಿಡುತ್ತಿದ್ದರು. ನಾನೂ ಹಾಗೇ ಹೊರಟೆ. ಕನ್ನಡ ಕೈ ಹಿಡಿದು ನಿಲ್ಲಿಸಿತು. ನಮ್ಮಲ್ಲಿ ಕ್ಯಾಪಿಟಲ್ ಅಕ್ಷರ ಇಲ್ಲ. ತಲೆಬರಹದ 'ಮೇಷ್ಟ್ರು' ಪದವನ್ನೇ ನೋಡಿ: ಷಕಾರದ ಕೆಳಗೆ ಎರಡು ಒತ್ತು. ಇಂಗ್ಲಿಷ್ ಅಳತೆಯಲ್ಲಿ ಸಾಲು ಒತ್ತಿಟ್ಟರೆ ಅವು ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತವೆ. 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲಿನ ಅಂತರ ಕೊಟ್ಟ ಮೇಲೆ ಪುಟ ಉಸಿರಾಡಿತು. ಇನ್ನು ಹಳೇ ನುಡಿಯಲ್ಲಿ ಟೈಪಾದ ಲೇಖನಕ್ಕೆ ಯೂನಿಕೋಡ್ ಫಾಂಟ್ ಹಾಕಿದಾಗ ಬಂದ ಇಂಗ್ಲಿಷ್ ಕಲಸುಮೇಲೋಗರ, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡುವವರೆಗೂ ಒಡೆದುಹೋಗುತ್ತಿದ್ದ ಒತ್ತಕ್ಷರ... ಆ ಎರಡು ರಾತ್ರಿಗಳ ಕಥೆ ಬೇಡ.

ಫೋಟೋ ಮಾತ್ರ ಚೆನ್ನಾಗಿತ್ತು. ಕಾಲು ಹಾರ್ಮೋನಿಯಂ ಮುಂದೆ ಮೇಷ್ಟ್ರು, ಎರಡೂ ಕೈ ಮನೆಗಳ ಮೇಲೆ. ಕಾಗದದಲ್ಲಿ ಹಾಡು ಕೇಳಿಸುವುದಿಲ್ಲ. ಓದುಗರಿಗೆ ಸಿಗುವುದು ಆ ಬೆರಳಷ್ಟೇ ಅಂತ ಎರಡು ಪುಟಕ್ಕೂ ಹರಡಿ, ಕೈಯನ್ನು ನಟ್ಟನಡುವೆ ಇಟ್ಟೆ. ಸ್ಕ್ರೀನಿನ ಮೇಲೆ ಭರ್ಜರಿಯಾಗಿತ್ತು. ಆದರೆ ಸ್ಕ್ರೀನಿಗೆ ಬೈಂಡಿಂಗ್ ಇಲ್ಲ! ಪುಟ ಜಾಸ್ತಿ ಅಂತ ಪಿನ್ ಬದಲು ಗಮ್ ಹಾಕಿ ಬೈಂಡ್ ಮಾಡಿಸಿದ್ದರು. ಅದನ್ನು ಮೊದಲೇ ಕೇಳಿಕೊಳ್ಳದೇ ಇದ್ದದ್ದು ನನ್ನದೇ ತಪ್ಪು.

ಪುಸ್ತಕ ಕೊಡಲು ಮನೆಗೆ ಹೋದೆ. ಮೇಷ್ಟ್ರು ಪುಟ ಬಿಡಿಸಿದರು, ಹೆಬ್ಬೆರಳಿನಿಂದ ಸಂದನ್ನು ಒತ್ತಿ ಬೆಳಕಿಗೆ ಹಿಡಿದರು. "ಬಲಗೈ ಎಲ್ಲಿ ಹೋಯ್ತಪ್ಪ?" ಅಂದರು. ಬೇಜಾರಾಗಿ ಕೇಳಿದ್ದರೂ ತಡೆದುಕೊಳ್ಳುತ್ತಿದ್ದೆ, ನಗುತ್ತಾ ಕೇಳಿದರು. ಅವರ ಮನೆಯವರು, "ಫ್ಲೆಕ್ಸಲ್ಲಿ ಚಿಕ್ಕದಾದ್ರೂ ಪೂರ್ತಿ ಇರ್ತಾರೆ" ಅಂದರು. ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಸಂಚಿಕೆ ಹಂಚಿಯಾಗಿತ್ತು. ಆದರೂ ಆ ಎರಡು ಪುಟ ಮತ್ತೆ ಮಾಡಿದೆ. ಫೋಟೋ ಪೂರ್ತಿ ಬಲಪುಟಕ್ಕೆ, ಸಂದಿನ ಎರಡೂ ಕಡೆ 12 ಮಿಲಿಮೀಟರ್ ಖಾಲಿ. ಎಡಪುಟದಲ್ಲಿ ತಲೆಬರಹ, ಒತ್ತುಗಳಿಗೆ ಕಾಲು ಚಾಚುವಷ್ಟು ಜಾಗ. ಕಿರೀಟದ ಫೋಟೋಗಳು ಈ ಸಲ ಸ್ಟಾಂಪ್ ಸೈಜಿಗೆ ಇಳಿದವು. (ಸ್ವಲ್ಪ ಸೇಡೂ ಇತ್ತು ಅನ್ನಿ.) ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆಸಿ ಭಾನುವಾರ ಒಯ್ದುಕೊಟ್ಟೆ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಮುಖ ನೋಡಲಿಲ್ಲ, ಬೆರಳು ನೋಡಿದರು. "ಪಂಚಮದ ಮೇಲಿದೆ" ಅಂದರು. ಆಮೇಲೆ ಕೆಳಗಿನ 'ರಂಗಗೀತೆ ನುಡಿಸುತ್ತಿರುವ ಮೇಷ್ಟ್ರು' ಅನ್ನುವ ಸಾಲು ಓದಿದರು.

"ನುಡಿಸ್ತಿರಲಿಲ್ಲ ಕಣಪ್ಪ, ಶ್ರುತಿ ನೋಡ್ತಿದ್ದೆ."

ಆ ಸಾಲನ್ನೂ ತಿದ್ದಿ ಮುಂದಿನ ವಾರ ಮತ್ತೆ ಹೋದೆ.