ಸದನದ ಗ್ಯಾಲರಿಯಲ್ಲಿ ಪೌರನೀತಿ: ವಿಧಾನಮಂಡಲಕ್ಕೆ ಶಾಲಾ ಮಕ್ಕಳ ಪ್ರವಾಸ

ಕರ್ನಾಟಕದ ಶಾಲೆಗಳು ಕೈಗೊಳ್ಳುವ ಶೈಕ್ಷಣಿಕ ಪ್ರವಾಸಗಳಲ್ಲಿ ಹಂಪಿ, ಬೇಲೂರು, ಮೈಸೂರು ಅರಮನೆಗಳ ಸಾಲಿಗೆ ವಿಧಾನಸೌಧವೂ ಸೇರಿ ದಶಕಗಳೇ ಕಳೆದಿವೆ. ಆದರೆ ಉಳಿದ ತಾಣಗಳಿಗೂ ಇದಕ್ಕೂ ಮೂಲಭೂತವಾದ ವ್ಯತ್ಯಾಸವೊಂದಿದೆ. ಅಲ್ಲಿ ಮಕ್ಕಳ ಕಣ್ಣಿಗೆ ಬೀಳುವುದು ಆಗಿಹೋದ ಕಾಲದ ಕುರುಹಾದರೆ, ಅಧಿವೇಶನದ ದಿನ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತ ಮಗುವಿನ ಎದುರಿಗೆ ಅದರ ಊರಿನ ರಸ್ತೆ, ಕೆರೆ, ಶಾಲೆಗಳ ಬಗೆಗಿನ ತೀರ್ಮಾನಗಳೇ ಚರ್ಚೆಯ ರೂಪದಲ್ಲಿ ನಡೆಯುತ್ತಿರುತ್ತವೆ. ಪಠ್ಯಪುಸ್ತಕದ ‘ರಾಜ್ಯ ಶಾಸಕಾಂಗ’ ಎಂಬ ಅಧ್ಯಾಯ ಅಲ್ಲಿ ಮಾತು, ಮೌನ, ಗದ್ದಲಗಳೊಡನೆ ಜೀವ ತಳೆಯುತ್ತದೆ.

ಈ ನೆಲದ ಪ್ರಾತಿನಿಧಿಕ ಸಂಸ್ಥೆಯ ಆರಂಭವೂ ಒಂದು ಬಗೆಯ ಕಲಿಕೆಯೇ ಆಗಿತ್ತು. ದಿವಾನ ಸಿ. ರಂಗಾಚಾರ್ಲು ಅವರ ಸಲಹೆಯಂತೆ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರ ಆಳ್ವಿಕೆಯಲ್ಲಿ ಸ್ಥಾಪನೆಯಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯು 1881ರ ಅಕ್ಟೋಬರ್ 7ರಂದು ಮೊದಲ ಬಾರಿ ಸೇರಿದಾಗ, ಜಿಲ್ಲೆಗಳಿಂದ ಬಂದ ರೈತರು ಮತ್ತು ವರ್ತಕರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸರ್ಕಾರ ಏನು ಮಾಡಿದೆಯೆಂಬ ವರದಿಯನ್ನು ಕೇಳಿ, ತಮ್ಮ ಭಾಗದ ಅಹವಾಲುಗಳನ್ನು ಮುಂದಿಡುವುದಷ್ಟೇ ಅವರ ಪಾಲಿನ ಕೆಲಸವಾಗಿತ್ತು. ದಸರೆಯ ಸಮಯದಲ್ಲಿ ಸೇರುತ್ತಿದ್ದ ಆ ಸಭೆಯ ಜೊತೆಗೆ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಹುಟ್ಟಿತು. ಸ್ವಾತಂತ್ರ್ಯಾನಂತರ ವಯಸ್ಕ ಮತದಾನದ ವಿಧಾನಸಭೆ ಬಂದಾಗ ಅದು ಕೆಲಕಾಲ ಬೆಂಗಳೂರಿನ ಅಠಾರಾ ಕಚೇರಿ ಕಟ್ಟಡದಲ್ಲಿ ಸೇರಿತು. ಆ ಕಚೇರಿಯ ಎದುರಿಗೆ, 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಅಡಿಗಲ್ಲಿಟ್ಟ ಕಟ್ಟಡವನ್ನು ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಅವರು ದ್ರಾವಿಡ ಶೈಲಿಯ ಭವ್ಯ ಸೌಧವಾಗಿ ಮಾರ್ಪಡಿಸಿದರು. ಅದೇ ವಿಧಾನಸೌಧ; 1956ರಲ್ಲಿ ಅದು ಪೂರ್ಣಗೊಂಡಿತು.

ಇಂದಿನ ವಿಧಾನಮಂಡಲಕ್ಕೆ ಎರಡು ಸದನಗಳಿವೆ. ಜನರು ನೇರವಾಗಿ ಆರಿಸುವ 224 ಶಾಸಕರ ವಿಧಾನಸಭೆಯನ್ನು ಕೆಳಮನೆ ಎಂದೂ, 75 ಸದಸ್ಯರ ವಿಧಾನ ಪರಿಷತ್ತನ್ನು ಮೇಲ್ಮನೆ ಎಂದೂ ಕರೆಯುವುದು ರೂಢಿ. ಪರಿಷತ್ತಿನ 25 ಸ್ಥಾನಗಳನ್ನು ಶಾಸಕರು, 25 ಸ್ಥಾನಗಳನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ಏಳು ಸ್ಥಾನಗಳನ್ನು ಪದವೀಧರರು, ಇನ್ನೇಳನ್ನು ಶಿಕ್ಷಕರು ತುಂಬುತ್ತಾರೆ. ಉಳಿದ 11 ಮಂದಿ ರಾಜ್ಯಪಾಲರಿಂದ ನಾಮಕರಣಗೊಂಡವರು. ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನ ಹಂತದ ಶಿಕ್ಷಕರಿಗೆ ಮಾತ್ರ ಶಿಕ್ಷಕರ ಕ್ಷೇತ್ರದಲ್ಲಿ ಮತದ ಹಕ್ಕಿರುವುದರಿಂದ, ಮಕ್ಕಳನ್ನು ಕರೆತಂದ ಮೇಷ್ಟರೇ ಕೆಳಗೆ ಕುಳಿತ ಒಬ್ಬ ಸದಸ್ಯರನ್ನು ಚುನಾಯಿಸಿದ ಮತದಾರರಾಗಿರುವ ಸಾಧ್ಯತೆ ಉಂಟು. ಪರಿಷತ್ತಿನ ರಚನೆಯನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಈ ಸದನಗಳ ಕಲಾಪ ನೋಡಲು ಶಾಲೆಯು ಮುಂಚಿತವಾಗಿ ಅನುಮತಿ ಕೋರಿ ಪ್ರವೇಶಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಪಾಸ್, ಪಡೆಯಬೇಕಾಗುತ್ತದೆ. ಭದ್ರತಾ ತಪಾಸಣೆ ಮುಗಿಸಿದ ಮಕ್ಕಳು ಗ್ಯಾಲರಿಯಲ್ಲಿ ಸದ್ದಿಲ್ಲದೆ ಕೂರಬೇಕು. ಸದನದ ಮಾತಿಗೆ ಅಲ್ಲಿಂದ ಚಪ್ಪಾಳೆಯಾಗಲಿ ಪ್ರತಿಕ್ರಿಯೆಯಾಗಲಿ ಸಲ್ಲದು. ದಿನದ ಕಲಾಪದಲ್ಲಿ ಮಕ್ಕಳಿಗೆ ಹೆಚ್ಚು ಫಲ ನೀಡುವುದು ಪ್ರಶ್ನೋತ್ತರದ ಅವಧಿ. ಸದಸ್ಯರು ಮೊದಲೇ ಲಿಖಿತವಾಗಿ ಕೊಟ್ಟ ಪ್ರಶ್ನೆಗಳಲ್ಲಿ ಚುಕ್ಕೆ ಗುರುತು ಪಡೆದವುಗಳಿಗೆ ಸಚಿವರು ಸದನದಲ್ಲಿ ಎದ್ದುನಿಂತು ಬಾಯಿಮಾತಿನ ಉತ್ತರ ಕೊಡುತ್ತಾರೆ. ಅದರ ಬೆನ್ನಿಗೆ ಉಪಪ್ರಶ್ನೆಗಳನ್ನು ಕೇಳಲು ಅವಕಾಶವಿರುತ್ತದೆ. ಚುಕ್ಕೆ ಗುರುತಿಲ್ಲದವುಗಳಿಗೆ ಲಿಖಿತ ಉತ್ತರ ಸಾಕು. ಉತ್ತರ ಕೊಡುವ ಹೊಣೆಯಿಂದ ಯಾವ ಸಚಿವರೂ ಹೊರತಲ್ಲ ಎಂಬ ಸಂಗತಿ, ‘ಕಾರ್ಯಾಂಗವು ಶಾಸಕಾಂಗಕ್ಕೆ ಹೊಣೆಯಾಗಿದೆ’ ಎಂಬ ಪಠ್ಯದ ವಾಕ್ಯಕ್ಕೆ ಅರ್ಥ ತುಂಬುತ್ತದೆ.

ವಿಧೇಯಕ, ಅಂದರೆ ಕಾನೂನಿನ ಕರಡು, ಮಂಡನೆ, ಪರ್ಯಾಲೋಚನೆ ಮತ್ತು ಅಂಗೀಕಾರ ಎಂಬ ಹಂತಗಳನ್ನು ದಾಟಬೇಕು. ಹೌದು ಎನ್ನುವವರ ಮತ್ತು ಇಲ್ಲ ಎನ್ನುವವರ ದನಿಗಳನ್ನು ಆಲಿಸಿ ಸಭಾಧ್ಯಕ್ಷರು ತೀರ್ಮಾನ ಪ್ರಕಟಿಸುವುದೇ ಧ್ವನಿಮತ. ಎರಡೂ ಸದನಗಳ ಒಪ್ಪಿಗೆಯ ಬಳಿಕ ರಾಜ್ಯಪಾಲರ ಅಂಕಿತ ಬಿದ್ದಾಗ ವಿಧೇಯಕವು ಅಧಿನಿಯಮವಾಗುತ್ತದೆ.

ಇಷ್ಟೆಲ್ಲದರ ನಡುವೆ ಹೆಚ್ಚಿನ ಗಮನಕ್ಕೆ ಅರ್ಹವಾದುದು, ಆದರೆ ಮಾರ್ಗದರ್ಶಕರ ವಿವರಣೆಯಲ್ಲಿ ಸುಲಭವಾಗಿ ತಪ್ಪಿಹೋಗುವುದು, ಸಭಾಧ್ಯಕ್ಷರ ಪೀಠದ ಮುಂದಿನ ತಗ್ಗಿನಲ್ಲಿರುವ ವರದಿಗಾರರ ಮೇಜು. ಇಲ್ಲಿ ವರದಿಗಾರರೆಂದರೆ ಪತ್ರಿಕೆಯವರಲ್ಲ. ಸದನದಲ್ಲಿ ಆಡಿದ ಪ್ರತಿಯೊಂದು ಮಾತನ್ನೂ ಶೀಘ್ರಲಿಪಿಯಲ್ಲಿ ದಾಖಲಿಸುವ ಸಚಿವಾಲಯದ ಸಿಬ್ಬಂದಿ. ಮುಖ್ಯಮಂತ್ರಿ ಎದ್ದರೂ ವಿರೋಧ ಪಕ್ಷದ ನಾಯಕರು ಎದ್ದರೂ ತಲೆಯೆತ್ತದೆ ಬರೆಯುವ ಇವರು ಯಾವ ಪಕ್ಷಕ್ಕೂ ಸೇರಿದವರಲ್ಲ, ಯಾವ ಮತದಾನದಲ್ಲೂ ಇವರ ದನಿಯಿಲ್ಲ. ಆದರೂ ಸದನ ನಾಳೆಗೆ ಉಳಿಯುವುದು ಇವರ ಬೆರಳುಗಳ ಮೂಲಕವೇ.

ಶೀಘ್ರಲಿಪಿಯೆಂದರೆ ವರ್ಣಮಾಲೆಯ ಅಕ್ಷರಗಳ ಬದಲಿಗೆ ಉಚ್ಚಾರಣೆಯ ಧ್ವನಿಗಳಿಗೆ ಸಣ್ಣ ಗೆರೆ, ಬಾಗು, ಕೊಕ್ಕೆ, ಚುಕ್ಕೆಗಳನ್ನು ಗೊತ್ತುಪಡಿಸಿಕೊಂಡು ಮಾತಿನ ವೇಗಕ್ಕೆ ಸರಿಸಮವಾಗಿ ಬರೆಯುವ ವಿದ್ಯೆ. ಕನ್ನಡದಂತಹ ಭಾಷೆಯಲ್ಲಿ ಇದರ ಕಷ್ಟ ಇನ್ನೂ ಹೆಚ್ಚು; ಏಕೆಂದರೆ ಇಲ್ಲಿ ವಿಭಕ್ತಿ ಪ್ರತ್ಯಯಗಳೂ ಕ್ರಿಯಾಪದದ ತುದಿಗಳೂ ಪದಕ್ಕೆ ಅಂಟಿಕೊಂಡೇ ಬರುತ್ತವೆ, ಮತ್ತು ‘ಮಾಡುತ್ತೇವೆ’ ಎಂಬುದಕ್ಕೂ ‘ಮಾಡಿದ್ದೇವೆ’ ಎಂಬುದಕ್ಕೂ ಇರುವ ಅಂತರವನ್ನು ತಪ್ಪಿಸಿದರೆ ಸಚಿವರ ಭರವಸೆಯು ಸಾಧನೆಯಾಗಿ ಬದಲಾಗಿಬಿಡುತ್ತದೆ. ಅದರ ಮೇಲೆ ಕಲಬುರಗಿ, ಧಾರವಾಡ, ಮಂಗಳೂರು, ಮಂಡ್ಯಗಳ ಕನ್ನಡ ಒಂದೇ ಗಂಟೆಯಲ್ಲಿ ಒಂದರ ಹಿಂದೊಂದು ಕೇಳಿಬರುವ ಸದನವಿದು. ಆಯಾಸದಿಂದ ತಪ್ಪಾಗದಿರಲೆಂದು ವರದಿಗಾರರು ಸರದಿಯಂತೆ ಬಂದು ಕುಳಿತು, ತಮ್ಮ ಪಾಳಿ ಮುಗಿದೊಡನೆ ಒಳಗೆ ಹೋಗಿ ಗುರುತುಗಳನ್ನು ಪೂರ್ಣ ಪಠ್ಯವಾಗಿ ಬಿಡಿಸಿ ಬರೆಯುತ್ತಾರೆ. ಆ ತುಣುಕುಗಳೆಲ್ಲ ಜೋಡಣೆಯಾಗಿ ಸದನದ ಅಧಿಕೃತ ನಡವಳಿಯಾಗುತ್ತದೆ. ಸಭ್ಯತೆಯ ಎಲ್ಲೆ ಮೀರಿದ ಮಾತನ್ನು ಕಡತದಿಂದ ತೆಗೆದುಹಾಕುವಂತೆ ಸಭಾಧ್ಯಕ್ಷರು ಆದೇಶಿಸಿದರೆ ಆ ನಡವಳಿಯಲ್ಲಿ ಅದಕ್ಕೆ ಸ್ಥಾನವಿರುವುದಿಲ್ಲ.

ಈ ಮೇಜು ಮಕ್ಕಳಿಗೆ ಕಲಿಸುವ ಪಾಠ ದೊಡ್ಡದು. ಅಧಿಕಾರದಲ್ಲಿರುವವರು ಆಡಿದ ಮಾತು ಗಾಳಿಗೆ ಹೋಗದೆ ಪುಟದಲ್ಲಿ ನಿಲ್ಲುತ್ತದೆ, ಹಾಗೂ ಅದನ್ನು ತೋರಿಸಿ ಮುಂದೊಂದು ದಿನ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇದೆ ಎಂಬುದೇ ಪ್ರಜಾಪ್ರಭುತ್ವದ ಒಳತಿರುಳು. ಪ್ರಜಾಪ್ರತಿನಿಧಿ ಸಭೆಯ ಕಾಲದ ಮುದ್ರಿತ ನಡವಳಿಗಳು ಇಂದಿಗೂ ಗ್ರಂಥಾಲಯಗಳಲ್ಲಿ ಓದಲು ಸಿಗುವುದರಿಂದಲೇ, ಆ ದಿನಗಳ ರೈತರು ಏನನ್ನು ಬೇಡಿದ್ದರೆಂಬುದು ಇತಿಹಾಸಕಾರರಿಗೆ ತಿಳಿಯುತ್ತದೆ. ಧ್ವನಿಮುದ್ರಣ ಮತ್ತು ನೇರಪ್ರಸಾರ ಬಂದ ಮೇಲೆ ಶೀಘ್ರಲಿಪಿಯ ಆಕರ್ಷಣೆ ಕುಗ್ಗಿದೆ. ಒಂದು ಕಾಲದಲ್ಲಿ ಜಿಲ್ಲಾ ಕೇಂದ್ರಗಳಲ್ಲೂ ತಾಲ್ಲೂಕು ಪಟ್ಟಣಗಳಲ್ಲೂ ಸರ್ಕಾರಿ ಕೆಲಸದ ಕನಸು ಹೊತ್ತ ಯುವಕ ಯುವತಿಯರಿಂದ ತುಂಬಿರುತ್ತಿದ್ದ ಬೆರಳಚ್ಚು ಮತ್ತು ಶೀಘ್ರಲಿಪಿ ಶಾಲೆಗಳು ವಿರಳವಾಗುತ್ತಿವೆ. ಆದರೆ ಹಲವರು ಒಮ್ಮೆಲೇ ಕೂಗಾಡುವಾಗ ಯಾರು ಏನೆಂದರೆಂದು ಎದುರಿಗೇ ಕುಳಿತು ಗುರುತಿಸಬಲ್ಲ ಕಿವಿ ಮತ್ತು ವಿವೇಕಗಳಿಗೆ ಬದಲಿ ಇನ್ನೂ ಸುಲಭವಲ್ಲ.

ಇಂತಹ ಪ್ರವಾಸಕ್ಕೆ ಕಾಲವೇ ಮೊದಲ ತೊಡಕು. ಬಜೆಟ್ ಅಧಿವೇಶನ ಬೇಸಿಗೆಯ ಹೊಸ್ತಿಲಲ್ಲಿ, ಅಂದರೆ ಶಾಲೆಗಳು ಪರೀಕ್ಷೆಯ ಸಿದ್ಧತೆಯಲ್ಲಿ ಮುಳುಗಿರುವಾಗ ನಡೆಯುತ್ತದೆ. ಮಳೆಗಾಲದ ಅಧಿವೇಶನದ ಹೊತ್ತಿಗೆ ಪ್ರವಾಸದ ಋತು ಇನ್ನೂ ಆರಂಭವಾಗಿರುವುದಿಲ್ಲ. ಶಾಲೆಗಳು ಬಸ್ಸು ಹತ್ತುವ ಡಿಸೆಂಬರ್ ತಿಂಗಳಿಗೆ ಹೊಂದಿಕೆಯಾಗುವುದು ಬೆಳಗಾವಿಯ ಚಳಿಗಾಲದ ಅಧಿವೇಶನ ಮಾತ್ರ. ಬೆಳಗಾವಿಯಲ್ಲಿ 2006ರಲ್ಲಿ ಮೊದಲ ಅಧಿವೇಶನ ನಡೆದು, 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರಿಂದ ಸುವರ್ಣ ವಿಧಾನಸೌಧ ಉದ್ಘಾಟನೆಗೊಂಡ ಮೇಲೆ, ಬಾಗಲಕೋಟೆ, ವಿಜಯಪುರ, ಗದಗ, ಧಾರವಾಡದ ಮಕ್ಕಳಿಗೆ ಸದನವು ಹತ್ತಿರವಾಯಿತು. ಬೀದರಿನ ಮಗುವಿಗೆ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರದ ಊರೆಂಬುದನ್ನು ನೆನೆದರೆ, ಎರಡನೆಯ ಸೌಧದ ಮಹತ್ವ ರಾಜಕೀಯದ ಆಚೆಗೂ ಇದೆಯೆಂದು ಮನವರಿಕೆಯಾಗುತ್ತದೆ. ಸರ್ಕಾರಿ ಶಾಲೆಗಳ ಬಡ ಮಕ್ಕಳಿಗೆ ನಾಡನ್ನು ತೋರಿಸಿದ ‘ಚಿಣ್ಣರ ಕರ್ನಾಟಕ ದರ್ಶನ’ದಂತಹ ಯೋಜನೆಗಳೂ ಈ ದಿಕ್ಕಿನಲ್ಲಿ ಸ್ಮರಣೀಯ.

ಎರಡನೆಯ ತೊಡಕು ಇದಕ್ಕಿಂತ ಆಳವಾದುದು. ಸರ್ಕಾರಿ ಕಲಾಪಗಳ ನಿರ್ವಹಣೆ ಕುರಿತು 2005ರಲ್ಲಿ ಕರ್ನಾಟಕವೇ ಮಾಡಿಕೊಂಡ ಅಧಿನಿಯಮದಂತೆ ಸದನವು ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು. ಆದರೆ ಹಲವು ವರ್ಷಗಳಲ್ಲಿ ಆ ಗುರಿ ಕೈಗೂಡಿಲ್ಲ. ಸೇರಿದ ದಿನಗಳಲ್ಲೂ ಧರಣಿ, ಗದ್ದಲಗಳಿಂದ ಕಲಾಪ ಮುಂದೂಡಿಕೆಯಾದರೆ, ಬೆಳಗಿನ ಜಾವಕ್ಕೇ ಹೊರಟು ಬಂದ ಮಕ್ಕಳಿಗೆ ದೊರೆಯುವುದು ಖಾಲಿ ಆಸನಗಳ ದರ್ಶನ ಮಾತ್ರ. 2025ರಲ್ಲಿ ರಜಾದಿನಗಳಂದು ಆರಂಭವಾದ ವಿಧಾನಸೌಧದ ಮಾರ್ಗದರ್ಶಿತ ವೀಕ್ಷಣೆ ಸ್ವಾಗತಾರ್ಹವಾದರೂ, ಅದು ಕಟ್ಟಡದ ಪರಿಚಯವೇ ಹೊರತು ಸದನದ ಪರಿಚಯವಲ್ಲ.

ಶಾಲಾ ಸಂಸತ್ತಿನಲ್ಲಿ ಮಂತ್ರಿಗಳಾಗಿ, ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ ಮತ್ತು ಆಟದ ಮೈದಾನಕ್ಕಾಗಿ ದನಿಯೆತ್ತಿ, ಯುವ ಸಂಸತ್ ಸ್ಪರ್ಧೆಗಳಲ್ಲಿ ಪ್ರಶ್ನೆ ಕೇಳುವುದನ್ನು ಅಭ್ಯಾಸ ಮಾಡುವ ಈ ನಾಡಿನ ಮಕ್ಕಳು ನಿಜವಾದ ಸದನವನ್ನು ನೋಡಲು ತಕ್ಕ ಸಿದ್ಧತೆಯೊಡನೆಯೇ ಬರುತ್ತಾರೆ. ಅವರಿಗೆ ಪ್ರಶ್ನೋತ್ತರದ ಒಂದು ಪೂರ್ಣ ಗಂಟೆ, ಆ ದಿನದ ಪ್ರಶ್ನೆಗಳ ಒಂದು ಪ್ರತಿ, ವರದಿಗಾರರೊಬ್ಬರಿಂದ ಶೀಘ್ರಲಿಪಿಯಲ್ಲಿ ತಮ್ಮ ಊರಿನ ಹೆಸರು ಬರೆಸಿ ನೋಡುವ ಅವಕಾಶ ಇಷ್ಟು ದೊರೆತರೆ ಪ್ರವಾಸ ಸಾರ್ಥಕ. ಇದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ತಾನೇ ವಿಧಿಸಿಕೊಂಡ 60 ದಿನಗಳನ್ನು ಸದನವು ನಡೆಸಿಕೊಟ್ಟಿದ್ದರೆ, ಈವರೆಗೆ ಎಷ್ಟೋ ಶಾಲೆಗಳ ಸರದಿ ಬಂದಿರುತ್ತಿತ್ತು.