ಒಂದು ಮಸೂದೆ, ಮೂರು ಜನ್ಮ

ಅನಂತಪುರ ಜಿಲ್ಲೆಯ ಬೆಳುಗುಪ್ಪ ಮಂಡಲ ಉರವಕೊಂಡ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಅಲ್ಲಿಂದ ಗೆದ್ದ ಪಯ್ಯಾವುಲ ಕೇಶವ್ 2024ರ ಜೂನ್‌ನಲ್ಲಿ ಆಂಧ್ರಪ್ರದೇಶದ ಹಣಕಾಸು ಮಂತ್ರಿಯಾದರು. ಶಾಸಕಾಂಗ ವ್ಯವಹಾರಗಳ ಖಾತೆಯೂ ಅವರಿಗೇ ಬಂತು. ಅಂದರೆ ಸದನಕ್ಕೆ ಬರುವ ಮಸೂದೆಗಳ ಉಸ್ತುವಾರಿ ಈ ಸೀಮೆಯ ಓಟು ಪಡೆದವರ ಕೈಯಲ್ಲೇ ಇದೆ. ಹಾಗಂತ ಅಲ್ಲಿನ ಕಟ್ಟೆಗಳ ಮೇಲೆ ಮಸೂದೆಯ ಚರ್ಚೆ ನಡೆಯುತ್ತದೆ ಎಂದುಕೊಳ್ಳಬೇಡಿ. ಶೇಂಗಾ ಬಿತ್ತುವ ಒಣಭೂಮಿ ಅದು; ಮಾತೆಲ್ಲ ಮಳೆಯದು, ಬೋರಿನದು, ದರದ್ದು. ಆದರೂ 2024ರ ಬೇಸಗೆಯಲ್ಲಿ ಒಂದು ಕಾಯ್ದೆ ರಾಯಲಸೀಮೆಯ ರೈತರನ್ನೂ ಸೇರಿಸಿ ಇಡೀ ರಾಜ್ಯದ ಬಾಯಲ್ಲಿತ್ತು: ಲ್ಯಾಂಡ್ ಟೈಟ್ಲಿಂಗ್ ಆ್ಯಕ್ಟ್. ಜನ ಅದನ್ನು ಹೊಸ ಸುದ್ದಿಯೆಂಬಂತೆ ಆಡಿಕೊಂಡರು. ನಿಜದಲ್ಲಿ ಮಸೂದೆಯಾಗಿ ಅದಕ್ಕಾಗಲೇ ಸುಮಾರು ಐದು ವರ್ಷ ವಯಸ್ಸಾಗಿತ್ತು.

ಈ ಸೀಮೆಗೆ ಹೊಲ ಅಳೆಸಿಕೊಳ್ಳುವುದೇನೂ ಹೊಸತಲ್ಲ. 1800ರಲ್ಲಿ ನಿಜಾಮ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಭಾಗಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದು, ಹೊಲ ಹೊಲವನ್ನೂ ಅಳೆಸಿ ನೇರ ರೈತನ ಹೆಸರಿಗೇ ಕಂದಾಯ ಕಟ್ಟುವ ಪದ್ಧತಿಯನ್ನು ನೆಲೆಗೊಳಿಸಿದ. ಅನಂತಪುರ ಬಳ್ಳಾರಿಯಿಂದ ಬೇರೆಯಾಗಿ ಜಿಲ್ಲೆಯಾದದ್ದು 1882ರಲ್ಲಿ. ಹಾಗಾಗಿ ಈ ಕಡೆಯ ಹೊಲಗಳ ಹಳೆಯ ಕಾಗದಕ್ಕೂ ಬಳ್ಳಾರಿ ಕಚೇರಿಗೂ ನಂಟು ದೊಡ್ಡದು. ಊರ ಲೆಕ್ಕ ಮಾತ್ರ ಕರಣಂ, ಅಂದರೆ ಶಾನುಭೋಗನ ಮನೆಯ ಪೆಟ್ಟಿಗೆಯಲ್ಲೇ ಇರುತ್ತಿತ್ತು. 1984ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಆ ವಂಶಪಾರಂಪರ್ಯದ ಹುದ್ದೆಗಳನ್ನು ಒಂದು ಸುಗ್ರೀವಾಜ್ಞೆಯಿಂದ ರದ್ದು ಮಾಡಿತು. ಊರೂರಿನ ಅಧಿಕಾರದ ಗಂಟನ್ನೇ ಬಿಚ್ಚಿದ ಆ ತೀರ್ಮಾನ ಮೊದಲಿಗೆ ಮಸೂದೆಯಾಗಿ ಸದನಕ್ಕೆ ಬರಲೇ ಇಲ್ಲ. ಅದನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನಲ್ಲಿ ಸೋತರು. ತೀರ್ಮಾನ ಸರಿಯಾದದ್ದೇ ಇರಬಹುದು, ಬಂದ ದಾರಿ ಮಾತ್ರ ನನಗೆ ಇವತ್ತಿಗೂ ಹಿಡಿಸುವುದಿಲ್ಲ.

ಅಲ್ಲಿಂದ ಮುಂದೆ ರೈತನ ಕೈಯಲ್ಲಿ ಉಳಿದದ್ದು ಪಟ್ಟಾದಾರ್ ಪಾಸ್‌ಪುಸ್ತಕ, ಅಡಂಗಲ್, 1-ಬಿ ಎಂಬ ದಾಖಲೆಗಳು. ನಮ್ಮ ಕಡೆಯ ಪಹಣಿಗೆ ಇರುವ ಮಿತಿಯೇ ಇವಕ್ಕೂ ಇದೆ. ಕರ್ನಾಟಕದ 1964ರ ಭೂ ಕಂದಾಯ ಕಾಯ್ದೆಯ 133ನೇ ಕಲಮು ಪಹಣಿಯಲ್ಲಿರುವುದನ್ನು ನಿಜವೆಂದು ಭಾವಿಸಬೇಕು ಅನ್ನುತ್ತದೆ, ಆದರೆ ಬೇರೆಯೆಂದು ಸಾಬೀತಾಗುವವರೆಗೆ ಮಾತ್ರ. ನೋಂದಣಿ ಕಚೇರಿ ಕ್ರಯಪತ್ರವನ್ನು ದಾಖಲು ಮಾಡುತ್ತದೆಯೇ ಹೊರತು ಮಾರಿದವನೇ ಮಾಲೀಕನೆಂದು ಸರ್ಕಾರ ಜಾಮೀನು ನಿಲ್ಲುವುದಿಲ್ಲ. ಆ ಜಾಮೀನು ಕೊಡುವ ಪದ್ಧತಿಗೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ 1858ರಲ್ಲಿ ಕಾಯ್ದೆ ಮಾಡಿಸಿದವನು ರಾಬರ್ಟ್ ಟಾರೆನ್ಸ್. ನಮ್ಮಲ್ಲಿ 1980ರ ದಶಕದಿಂದಲೂ ಅದನ್ನು ತರಬೇಕೆಂಬ ಮಾತಿತ್ತು. ನೀತಿ ಆಯೋಗವೂ ರಾಜ್ಯಗಳಿಗೆ ಒಂದು ಮಾದರಿ ಕಾಯ್ದೆ ಬರೆದುಕೊಟ್ಟಿತು.

ಆಂಧ್ರ ಅದರಲ್ಲಿ ಅವಸರ ಮಾಡಿತು. 2019ರ ಚುನಾವಣೆಯಲ್ಲಿ 175ರಲ್ಲಿ 151 ಸ್ಥಾನ ಗೆದ್ದ ಜಗನ್ಮೋಹನ ರೆಡ್ಡಿಯವರ ಸರ್ಕಾರ ಆ ಜುಲೈನಲ್ಲೇ ಲ್ಯಾಂಡ್ ಟೈಟ್ಲಿಂಗ್ ಮಸೂದೆಯನ್ನು ವಿಧಾನಸಭೆಯಲ್ಲಿ ಪಾಸು ಮಾಡಿಸಿತು. ಭೂಮಿ ರಾಜ್ಯಪಟ್ಟಿಯ ವಿಷಯವೇನೋ ಹೌದು. ಆದರೆ ಈ ಮಸೂದೆ ಆಸ್ತಿ ವರ್ಗಾವಣೆ, ನೋಂದಣಿ, ಸಿವಿಲ್ ಕೋರ್ಟಿನ ಅಧಿಕಾರಗಳನ್ನೂ ಮುಟ್ಟುತ್ತಿತ್ತು. ಅವುಗಳಿಗೆ ಕೇಂದ್ರದ ಕಾಯ್ದೆಗಳಿವೆ. ಅಂಥದ್ದಕ್ಕೆ ರಾಷ್ಟ್ರಪತಿಯ ಅಂಕಿತ ಬೇಕು. ದೆಹಲಿ ಆಕ್ಷೇಪಗಳನ್ನು ಬರೆಯಿತು. 2020ರಲ್ಲಿ ತಿದ್ದಿದ ಮಸೂದೆ ಮತ್ತೆ ಸದನಕ್ಕೆ ಬಂತು, ಮತ್ತೆ ಆಕ್ಷೇಪ. 2022ರಲ್ಲಿ ಮೂರನೆಯ ಸಲ. ಅಂಕಿತ ಬಿದ್ದದ್ದು 2023ರಲ್ಲಿ, ಜಾರಿಗೆ ಬಂದದ್ದು ಅದೇ ವರ್ಷದ ಅಕ್ಟೋಬರ್ 31ಕ್ಕೆ.

ಈ ಮೂರು ಜನ್ಮಗಳ ನಡುವೆ ಕಲಮುಗಳನ್ನು ಓದಿ ಜಗಳ ತೆಗೆಯಲು ಬೇಕಾದಷ್ಟು ಕಾಲವಿತ್ತು. ರಿಜಿಸ್ಟರಿನಲ್ಲಿ ಬರೆದ ಹೆಸರಿಗೆ ಎರಡು ವರ್ಷದೊಳಗೆ ತಕರಾರು ಬಾರದಿದ್ದರೆ ಆ ಹಕ್ಕೇ ಕೊನೆಯದಾಗುತ್ತಿತ್ತು. ತಕರಾರು ಇದ್ದವನು ಸಿವಿಲ್ ಕೋರ್ಟಿಗೆ ಹೋಗುವಂತಿರಲಿಲ್ಲ. ಅಧಿಕಾರಿ, ಅವರ ಮೇಲೆ ಮೇಲ್ಮನವಿ ಅಧಿಕಾರಿ, ಆಮೇಲೆ ಹೈಕೋರ್ಟು. ಬೆಂಗಳೂರಿಗೋ ಕುವೈತಿಗೋ ದುಡಿಯಲು ಹೋದವನ ಹೊಲ ಅಣ್ಣನ ಹೆಸರಿಗೆ ಏರಿದ್ದು ಎರಡು ವರ್ಷದೊಳಗೆ ಅವನಿಗೆ ಗೊತ್ತಾಗಬೇಕಿತ್ತು. ಈ ಪ್ರಶ್ನೆ 2019ರಲ್ಲೂ ಅಷ್ಟೇ ಗಟ್ಟಿಯಾಗಿತ್ತು. ಆದರೆ ಆಗ ಎಲ್ಲರ ಕಣ್ಣು ಬೇರೆ ಮಸೂದೆಯ ಮೇಲಿತ್ತು.

ಅದು ಮೂರು ರಾಜಧಾನಿಗಳದ್ದು. 2020ರ ಜನವರಿ 20ರಂದು ವಿಧಾನಸಭೆ ಒಪ್ಪಿತು. ಎರಡೇ ದಿನಕ್ಕೆ ವಿಧಾನ ಪರಿಷತ್ತಿನ ಸಭಾಪತಿ ಎಂ.ಎ. ಷರೀಫ್ ತಮ್ಮ ವಿವೇಚನಾಧಿಕಾರ ಬಳಸಿ ಅದನ್ನು ಆಯ್ಕೆ ಸಮಿತಿಗೆ ಕಳಿಸಿದರು. ಸಿಟ್ಟಾದ ಸರ್ಕಾರ ಜನವರಿ 27ಕ್ಕೆ ಪರಿಷತ್ತನ್ನೇ ರದ್ದು ಮಾಡುವ ನಿರ್ಣಯ ಮಾಡಿತು. 1985ರಲ್ಲಿ ಇದೇ ಪರಿಷತ್ತನ್ನು ಎತ್ತಿಹಾಕಿದವರು ರಾಮರಾವ್, ಅದೇ ವರ್ಷ ಇದೇ ಸೀಮೆಯ ಹಿಂದೂಪುರದಿಂದ ಗೆದ್ದಿದ್ದವರು. 2007ರಲ್ಲಿ ಅದನ್ನು ಮತ್ತೆ ಕೂರಿಸಲಾಯಿತು. 2021ರ ನವೆಂಬರಿನಲ್ಲಿ ಜಗನ್ ಸರ್ಕಾರ ಅಷ್ಟರಲ್ಲಿ ಜಾರಿಯಾಗಿದ್ದ ರಾಜಧಾನಿ ಕಾಯ್ದೆಯನ್ನೂ ಪರಿಷತ್ ರದ್ದತಿಯ ನಿರ್ಣಯವನ್ನೂ ವಾಪಸು ಪಡೆಯಿತು. ಕರ್ನೂಲಿಗೆ ಹೈಕೋರ್ಟು ಬರುವ ಆಸೆ ಇದ್ದುದರಿಂದ ರಾಯಲಸೀಮೆಯಲ್ಲಿ ಈ ನಾಟಕಕ್ಕೆ ಪ್ರೇಕ್ಷಕರು ಕಡಿಮೆ ಇರಲಿಲ್ಲ. ಹೊಲದ ಮಸೂದೆಗೆ ಅಂಥ ಗದ್ದಲದ ಭಾಗ್ಯ ಸಿಗಲಿಲ್ಲ.

ಅದು ಊರಿಗೆ ಕಾಣಿಸಿದ್ದು ಕಲ್ಲಾಗಿ. 2020ರ ಡಿಸೆಂಬರಿನಲ್ಲಿ ಶುರುವಾದ ಮರುಸರ್ವೆಯಲ್ಲಿ ಗಡಿಗೆ ನೆಟ್ಟ ಕಲ್ಲುಗಳ ಮೇಲೆ ಯೋಜನೆಯ ಹೆಸರಿನೊಂದಿಗೆ ಮುಖ್ಯಮಂತ್ರಿಯ ಹೆಸರು, ಪಾಸ್‌ಪುಸ್ತಕದ ಮೇಲೆ ಅವರ ಫೋಟೊ. ಅಪ್ಪ ಬಿಟ್ಟುಹೋದ ಹೊಲದ ಪುಸ್ತಕದಲ್ಲಿ ಇನ್ನೊಬ್ಬರ ಮುಖವೇಕೆ ಎಂದು ಕೇಳಲು ಕಾನೂನು ಓದಿರಬೇಕಿಲ್ಲ. ಕಾಯ್ದೆ ಜಾರಿಯಾದ ಮೇಲೆ ವಕೀಲರು ಕೋರ್ಟು ಬಹಿಷ್ಕರಿಸಿ ಬೀದಿಗಿಳಿದರು. ಆಗ ವಿರೋಧದಲ್ಲಿದ್ದ ಚಂದ್ರಬಾಬು ನಾಯ್ಡು ಅದನ್ನು ಪ್ರಚಾರದ ಸರಕು ಮಾಡಿಕೊಂಡರು. ಸದನದಲ್ಲಿ ನೀವೂ ಒಪ್ಪಿದ್ದಿರಲ್ಲ ಎಂದು ಆಡಳಿತ ಪಕ್ಷ ಚುಚ್ಚಿತು. ಪುಸ್ತಕದ ಮೇಲಿನ ಫೋಟೊ ಮಾಡಿದಷ್ಟು ಕೆಡುಕನ್ನು ಆ ಕಾಯ್ದೆಯ ಯಾವ ಕಲಮೂ ಸರ್ಕಾರಕ್ಕೆ ಮಾಡಲಿಲ್ಲ ಎಂಬುದು ನನ್ನ ಅಂದಾಜು.

2024ರ ಮೇ 13ರ ಮತದಾನದಲ್ಲಿ 151 ಇದ್ದದ್ದು 11ಕ್ಕೆ ಇಳಿಯಿತು. ಜುಲೈ 24ಕ್ಕೆ ಕಾಯ್ದೆಯನ್ನು ರದ್ದುಮಾಡುವ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಹುಟ್ಟಲು ನಾಲ್ಕು ವರ್ಷ ಹಿಡಿದದ್ದು ಜಾರಿಯಾಗಿ ಒಂಬತ್ತು ತಿಂಗಳು ತುಂಬುವ ಮೊದಲೇ ಸದನದ ಒಪ್ಪಿಗೆ ಕಳೆದುಕೊಂಡಿತು. ಫೋಟೊ ತೆಗೆದು ರಾಜ್ಯ ಲಾಂಛನ ಹಾಕಿದ ಪಾಸ್‌ಪುಸ್ತಕ ಕೊಡುವ ತೀರ್ಮಾನವಾಯಿತು. ಮರುಸರ್ವೆ ಮಾತ್ರ ನಿಂತುಹೋಗಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಇನ್ನೊಂದು ಭೂಮಿಯ ಮಸೂದೆ ಬಂತು: 1982ರ ಕಾಯ್ದೆಯ ಜಾಗಕ್ಕೆ ಹೊಸ ಭೂಕಬಳಿಕೆ ನಿಷೇಧ ಕಾಯ್ದೆ. ವಿರೋಧ ಪಕ್ಷದ ಸ್ಥಾನಮಾನ ಕೊಡಲಿಲ್ಲವೆಂದು ಆ 11 ಮಂದಿ ಸದನದಿಂದ ಹೊರಗುಳಿದಿದ್ದರು. ಎದುರು ಬೆಂಚಿನಲ್ಲಿ ಕಲಮು ಕಲಮಿಗೆ ಪ್ರಶ್ನೆ ಕೇಳುವವರಿಲ್ಲದೆಯೇ ಮಸೂದೆ ಪಾಸಾಯಿತು.